ನೀಲಿ ಕಲ್ಲಿಗೆ ಕೆಂಪು ದೀಪ

ಆ ನೀಲಿ ಕಲ್ಲುಗಳು ಅಂಗಡಿಗೆ ಬಂದ ದಿನವೇ ನನಗೆ ಹಿಡಿಸಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಚಾಮರಾಜನಗರದ ಅಂಗಡಿ ಬೀದಿಯಲ್ಲಿರುವ ಪುಟ್ಟಮಲ್ಲಪ್ಪನವರ ಒಡವೆ ಅಂಗಡಿಯಲ್ಲಿ ನನ್ನದು ತೊಳೆಯುವ ಕೆಲಸ. ಅಂಗಡಿಯ ಹಿಂಭಾಗದಲ್ಲಿ ಒಂದು ಪರದೆ. ಅದರ ಹಿಂದೆ ನಲ್ಲಿ, ಅಂಟುವಾಳದ ನೀರಿನ ಬಟ್ಟಲು, ಮೆತ್ತನೆಯ ಬ್ರಷ್ಷು, ಒಣಗಿಸಲು ಮರದ ಹೊಟ್ಟು ತುಂಬಿದ ತಟ್ಟೆ. ಮಾರಾಟವಾದ ಒಡವೆ ಗಿರಾಕಿಯ ಕೈ ಸೇರುವ ಮೊದಲು ನನ್ನ ಹತ್ತಿರ ಬರಬೇಕು. ತೊಳೆದು, ಹೊಟ್ಟಿನಲ್ಲಿ ಹೊರಳಿಸಿ, ಊದಿ, ಗುಲಾಬಿ ಕಾಗದದಲ್ಲಿ ಮಡಿಚಿ ಹೊರಗೆ ಕೊಟ್ಟರೆ ಮುಗಿಯಿತು. ಗಿರಾಕಿಗಳ ಜೊತೆ ಮಾತಾಡಬೇಕಾಗಿಲ್ಲ. ಅದಕ್ಕೇ ಈ ಕೆಲಸ ನನಗೆ ಹೊಂದಿತ್ತು.

ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು. ಅವ್ವನಿಗೆ ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಹಾಸಿಗೆ ಹಿಡಿದಿದ್ದ ಅಜ್ಜಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು. ಅಜ್ಜಿಗೆ ಮಾತು ನಿಂತುಹೋಗಿತ್ತು. ಹಸಿವೋ, ನೋವೋ, ಮಗ್ಗುಲು ಬದಲಿಸಬೇಕೋ, ಎಲ್ಲವನ್ನೂ ಮುಖ ನೋಡಿಯೇ ತಿಳಿಯಬೇಕು. ಮೂರು ವರ್ಷ ಹಾಗೆ ಕಳೆಯಿತು. ಅವಳು ತೀರಿಹೋಗುವ ಹೊತ್ತಿಗೆ ನನಗೂ ಮಾತಿಗಿಂತ ನೋಟವೇ ರೂಢಿಯಾಗಿತ್ತು. ಪರದೆಯ ಸಂದಿನಿಂದ ಅಂಗಡಿಯನ್ನು ನೋಡುತ್ತಾ ಕೂರುವುದು ನನಗೆ ಕಷ್ಟವೆನಿಸಲಿಲ್ಲ.

ಹದಿನಾಲ್ಕು ನೀಲಿ ವಜ್ರ ಬಂದಿದ್ದವು. ಕೆಲವು ಉಂಗುರಕ್ಕೆ, ಕೆಲವು ಮೂಗುಬಟ್ಟಿಗೆ ಕೂರಿಸಿದ್ದವು. ರೇಷನ್ ಅಂಗಡಿಯಲ್ಲಿ ಕೊಡುತ್ತಿದ್ದ ಸೀಮೆಎಣ್ಣೆಯ ಬಣ್ಣ. ಗಾಜಿನ ಪೆಟ್ಟಿಗೆಯ ದೀಪದಡಿ ಒಂದು ನೀಲಿ, ಬಾಗಿಲ ಬಿಸಿಲಿಗೆ ಹಿಡಿದರೆ ಇನ್ನೊಂದು ನೀಲಿ, ನನ್ನ ಪರದೆಯ ಹಿಂದೆ ಬಂದರೆ ಹೆಚ್ಚುಕಡಿಮೆ ಕಪ್ಪು. ಎದುರಿಗೆ ಯಾರಿದ್ದಾರೆ ಎಂದು ನೋಡಿಕೊಂಡು ಮಾತು ಬದಲಿಸುವ ಜನರ ಹಾಗೆ. ಬಿಳಿ ವಜ್ರಕ್ಕೆ ಗಿರಾಕಿಗಳು ಮೊದಲು ಬೆಲೆ ಕೇಳುತ್ತಿದ್ದರು. ನೀಲಿಗೆ ಏನೂ ಕೇಳದೆ ಮೊದಲು ಕೈ ಚಾಚುತ್ತಿದ್ದರು. ಚಾಚಿದ ಕೈ ಬರಿಗೈಯಾಗಿ ಹಿಂದೆ ಬಂದದ್ದನ್ನು ನಾನು ಕಂಡದ್ದು ಕಡಿಮೆ. ಅದೇ ನನಗೆ ಸಿಟ್ಟು ತರಿಸುತ್ತಿತ್ತು. ಒಂದು ಕಲ್ಲು ಮನುಷ್ಯರ ಬಾಯಿಯನ್ನು ಅಷ್ಟು ಸುಲಭವಾಗಿ ಮುಚ್ಚಿಸಬಾರದು.

ಹೊಸ ಸರಕು ಬಂದರೆ ಸೇಲ್ಸ್‌ಮನ್ ಚಂದ್ರಕುಮಾರ್ ಟೆಸ್ಟರ್ ಪೆನ್ನಿನ ಮೊನೆಯನ್ನು ಒಂದೊಂದು ಕಲ್ಲಿಗೂ ತಾಗಿಸಿ ನೋಡುತ್ತಾನೆ. ವಜ್ರವಾದರೆ ಹಸಿರು ದೀಪ. ವಜ್ರದಂತೆ ಕಾಣುವ ನಕಲಿಯಾದರೆ ಕೆಂಪು ದೀಪ, ಜೊತೆಗೆ ಜೀರುಂಡೆಯಂಥ ಸದ್ದು. ನೀಲಿ ಕಲ್ಲುಗಳು ಬಂದ ದಿನ ಮೊದಲನೆಯದಕ್ಕೆ ತಾಗಿಸಿದ ಕೂಡಲೇ ಕೆಂಪು ಹತ್ತಿ ಪೆನ್ನು ಕಿರುಚಿತು. ಎರಡನೆಯದಕ್ಕೂ ಹಾಗೇ. ಚಂದ್ರಣ್ಣನ ಮುಖ ಬಿಳಿಚಿಕೊಂಡಿತು. ಪುಟ್ಟಮಲ್ಲಪ್ಪನವರು ಕಲ್ಲು ಕಳಿಸಿದ ಬೆಂಗಳೂರಿನ ಏಜೆಂಟನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

"ಅಯ್ಯೋ, ಬ್ಲೂಗೆ ಆ ಪೆನ್ ಇಡಬೇಡಿ ಸಾರ್," ಎಂದ ಅವನು. "ಮಿಷಿನ್ನಲ್ಲಿ ಕಲ್ಲು ಬೆಳೆಸೋವಾಗ ಬೋರಾನ್ ಅಂತ ಹಾಕ್ತಾರೆ. ನೀಲಿ ಬರೋದು ಅದರಿಂದಲೇ. ಅದು ಕಲ್ಲಲ್ಲಿ ಕರೆಂಟ್ ಹರಿಯೋ ಹಾಗೆ ಮಾಡುತ್ತೆ. ಕರೆಂಟ್ ಹರಿದರೆ ನಿಮ್ಮ ಪೆನ್ನು ನಕಲಿ ಅನ್ನುತ್ತೆ. ಕಲ್ಲು ಡೈಮಂಡೇ. ಸರ್ಟಿಫಿಕೇಟಲ್ಲಿ ಲ್ಯಾಬ್ ಗ್ರೋನ್ ಅಂತ ಬರೆದಿದೆ ನೋಡಿ."

ಪುಟ್ಟಮಲ್ಲಪ್ಪನವರು ಸರ್ಟಿಫಿಕೇಟುಗಳ ಕವರನ್ನು ಗಲ್ಲಾದ ಕೆಳಗಿನ ಡ್ರಾಯರಿಗೆ ಹಾಕಿ ಬೀಗ ಹಾಕಿದರು.

ಆಮೇಲೆ ನಾನು ಚಂದ್ರಣ್ಣನನ್ನು ಮೆಲ್ಲಗೆ ಕೇಳಿದೆ. "ಗಿರಾಕಿಗಳಿಗೆ ಹೇಳಲ್ವಾ ಅಣ್ಣ?"

"ಕೇಳುದ್ರೆ ಹೇಳನ. ಕೇಳ್ದೆ ಇದ್ರೆ ನಾವ್ಯಾಕಮ್ಮಿ ಬಾಯ್ ಬುಡನ? ಡೈಮಂಡು ಅಂತೀವಿ. ಡೈಮಂಡೇ ತಾನೆ? ಸುಳ್ಳೆಲ್ಲಿ ಬಂತು?"

ಚಂದ್ರಣ್ಣ ಕೆಟ್ಟವನಲ್ಲ. ಅಮಾವಾಸ್ಯೆ ತಪ್ಪಿಸದೆ ಮಾದಪ್ಪನ ಬೆಟ್ಟಕ್ಕೆ ಹೋಗುವವನು. ಆದರೆ ಆ ಮಾತು ಅವನ ಬಾಯಿಂದ ಬಹಳ ಸಲೀಸಾಗಿ ಬಂತು.

ಮುಂದಿನ ವಾರ ಲಕ್ಷ್ಮಿದೇವಿ ಬಂದಳು. ಗುಂಡ್ಲುಪೇಟೆಯಾಚೆ ಮದ್ದೂರಿನ ಕಡೆ ಅವರಿಗೆ ಚೆಂಡುಹೂವಿನ ಹೊಲ. ಜೊತೆಗೆ ಮಗ ಶಶಿಕುಮಾರ. ಅವನಿಗೆ ಮದುವೆ ಗೊತ್ತಾಗಿತ್ತು. ಅವರ ಮನೆಯಲ್ಲಿ ಸೊಸೆ ಹೊಸಿಲು ದಾಟುವ ಮೊದಲು ಅತ್ತೆ ಕೊಟ್ಟ ಮೂಗುಬಟ್ಟು ಮೂಗಿಗೆ ಏರಬೇಕು. ಬಿಳಿ ಕಲ್ಲಿನದು ತೆಗೆಯಲು ಬಂದ ಲಕ್ಷ್ಮಿದೇವಿಗೆ ಮಗನೇ ನೀಲಿ ತೋರಿಸಿದ. ಅವಳು ಕನ್ನಡಿ ಹಿಡಿದು ತನ್ನ ಮೂಗಿನ ಹತ್ತಿರ ಇಟ್ಟು ನೋಡಿಕೊಂಡಳು. ಅಷ್ಟು ಹೊತ್ತು ಜೋರಾಗಿ ಮಾತಾಡುತ್ತಿದ್ದವಳು ಸುಮ್ಮನಾದಳು. ಪರದೆಯ ಸಂದಿನಲ್ಲಿ ಅದನ್ನು ನೋಡಿದಾಗಲೇ ನನಗೆ ಗೊತ್ತಾಯಿತು, ಇವಳೂ ಬಿದ್ದಳು ಎಂದು.

"ಅಪ್ಪಟ ವಜ್ರ ಕಣವ್ವ," ಎಂದರು ಪುಟ್ಟಮಲ್ಲಪ್ಪನವರು. ಮಿಷಿನ್ನಿನ ಮಾತು ಎತ್ತಲಿಲ್ಲ.

ನಾನು ತೊಳೆಯಲು ಮೂಗುಬಟ್ಟನ್ನು ಎತ್ತಿಕೊಂಡಾಗ ಅವಳು ತಟ್ಟನೆ ತಿರುಗಿದಳು. "ಏನಮ್ಮಿ, ನಮ್ ಒಡ್ವೆಯ ಒಳೀಕೆ ಎತ್ಕಂಡ್ ಓಯ್ತಿದ್ದೀಯೆ?"

"ತೊಳ್ದು ಕೊಡ್ತಾಳೆ ಕಣಕ್ಕ, ನಮ್ಮಂಗ್ಡಿ ಪದ್ಧತಿ," ಎಂದ ಚಂದ್ರಣ್ಣ.

"ನಮ್ ಕಣ್ಮುಂದೇನೇ ತೊಳೀಬೋದಿತ್ತು," ಎಂದು ಗೊಣಗಿದಳು. ನಾನು ಪರದೆಯ ಹಿಂದೆ ಹೋಗಿ ತೊಳೆದು, ಒಣಗಿಸಿ, ಕಾಗದದಲ್ಲಿಟ್ಟು ತಂದುಕೊಟ್ಟೆ. ಹತ್ತು ನಿಮಿಷವೂ ಆಗಿರಲಿಲ್ಲ.

ಒಂಬತ್ತನೇ ದಿನ, ಮಧ್ಯಾಹ್ನ ಮೂರು ಗಂಟೆಗೆ ಅವಳು ಮತ್ತೆ ಬಂದಳು. ಚಪ್ಪಲಿ ಬಿಡದೆ ಒಳಗೆ ನುಗ್ಗಿ ಮೂಗುಬಟ್ಟನ್ನು ಗಾಜಿನ ಮೇಲೆ ಟಪ್ಪೆಂದು ಕುಕ್ಕಿದಳು. ಶಶಿಕುಮಾರ ಬಾಗಿಲಲ್ಲೇ ನಿಂತ.

"ಯಾರ್ಗೆ ಟೋಪಿ ಹಾಕಿದ್ದೀರಿ ಸಾವ್ಕಾರ್ರೆ? ಹೂವ ಬೆಳ್ಯೋರು ಅಂದ್ರೆ ಕಿವೀಗೂ ಹೂವ ಮುಡ್ಕಂಡಿರ್ತಾರೆ ಅನ್ಕಂಡ್ರಾ?"

ನಡೆದದ್ದನ್ನು ಅವಳೇ ಕೂಗಿ ಹೇಳಿದಳು. ನೀಲಿ ಕಲ್ಲು ಎಂದ ಕೂಡಲೇ ಬೀಗರ ಕಡೆಯ ಮುದುಕಿಯೊಬ್ಬಳು, ಅದು ಶನಿದೇವರ ಕಲ್ಲು, ನೀಲ, ಪರೀಕ್ಷೆ ಮಾಡದೆ ಮೈಮೇಲೆ ಹಾಕಬಾರದು ಎಂದಿದ್ದಳು. ನೀಲವಾದರೆ ಬಟ್ಟೆಯಲ್ಲಿ ಕಟ್ಟಿ ಮೂರು ದಿನ ತಲೆದಿಂಬಿನ ಕೆಳಗಿಡಬೇಕು. ಕೆಡುಕಾದರೆ ಹಿಂದಿರುಗಿಸಬೇಕು. ಲಕ್ಷ್ಮಿದೇವಿ ವಜ್ರವನ್ನು ತಲೆದಿಂಬಿನ ಕೆಳಗಿಟ್ಟು ಮಲಗಿದಳು. ಎರಡನೇ ದಿನ ಬೋರ್‌ವೆಲ್ಲಿನ ಮೋಟರು ಸುಟ್ಟಿತು. ಅವಳು ಗಾಬರಿಯಾಗಿ, ಇದು ನೀಲವೋ ವಜ್ರವೋ ನೋಡಿ ಹೇಳಿ ಎಂದು ಗುಂಡ್ಲುಪೇಟೆಯ ಅಕ್ಕಸಾಲಿ ಆಚಾರಿಯ ಹತ್ತಿರ ಹೋದಳು. ಆಚಾರಿ ಪೆನ್ನು ತಾಗಿಸಿದ. ಕೆಂಪು ದೀಪ ಹತ್ತಿತು.

"ನೀಲಾನೂ ಅಲ್ಲ, ವಜ್ರಾನೂ ಅಲ್ಲ ಅಂದ ಕಣ್ರೀ ಆಚಾರಿ! ಎಲ್ಲಿ, ನಿಮ್ ಪೆನ್ನೇ ಮಡಗಿ ನೋಡನ!"

ಚಂದ್ರಣ್ಣ ಪೆನ್ನು ತೆಗೆಯಲೇಬೇಕಾಯಿತು. ಚಿನ್ನಕ್ಕೆ ತಾಗದಂತೆ ಮೊನೆಯನ್ನು ಕಲ್ಲಿಗೆ ಇಟ್ಟ. ಕೆಂಪು. ಕಿರುಚು. ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ಎದ್ದು ನಿಂತರು.

ಚಂದ್ರಣ್ಣನೂ ಪುಟ್ಟಮಲ್ಲಪ್ಪನವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು. ಈಗ ಹೇಳುತ್ತಾರೆ ಎಂದುಕೊಂಡೆ. ಬೋರಾನ್, ಕರೆಂಟು, ಡ್ರಾಯರಿನ ಕವರು. ಎರಡು ಮಾತಿನಲ್ಲಿ ಮುಗಿಯುವ ಸಂಗತಿ.

ಪುಟ್ಟಮಲ್ಲಪ್ಪನವರು ಗಂಟಲು ಸರಿಮಾಡಿಕೊಂಡರು. "ನಮ್ಮ ಕೌಂಟರಿಂದ ಹೋಗುವಾಗ ಕಲ್ಲು ಸರಿಯಾಗಿತ್ತು ಕಣವ್ವ."

ಆ ಮಾತನ್ನು ಅವರು ಎಷ್ಟು ತೂಗಿ ಆಡಿದರು ಎಂದು ನನಗೆ ಕಂಡಿತು. ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಕೌಂಟರಿಂದ ಗಿರಾಕಿಯ ಕೈಗೆ ಹೋಗುವ ದಾರಿಯಲ್ಲಿ ಇರುವುದು ನಾನೊಬ್ಬಳೇ.

ಲಕ್ಷ್ಮಿದೇವಿಗೂ ಅದು ಹೊಳೆಯಿತು. ಪರದೆ ಸರಿಸಿ ನನ್ನ ರಟ್ಟೆ ಹಿಡಿದು ಹೊರಗೆಳೆದಳು. "ಇವ್ಳು! ನಮ್ ಕಣ್ಮುಂದೆ ಇದ್ದುದ್ದ ಆ ಪರ್ದೆ ಹಿಂದಕೆ ಎತ್ಕಂಡ್ ಓದ್ಲು. ಅವತ್ತೇ ನನ್ ಮನಸ್ಸು ಹೇಳ್ತು. ಬೀಳ್‌ಸ್ಬುಟ್ಟಾ? ಬದ್ಲಾಯಿಸ್ಬುಟ್ಟಾ? ಬಾಯ್ ಬುಡಮ್ಮಿ!"

ನನಗೆ ಮಾತು ಹೊರಡಲಿಲ್ಲ.

"ನೋಡಿ ನೋಡಿ, ಮಾತೇ ಇಲ್ಲ. ಕಳ್ಳಿಗೆ ಮಾತೆಲ್ಲಿ ಬಂದದು? ಯಾವೂರಮ್ಮಿ ನಿಂದು?"

"ಉಡಿಗಾಲ," ಎಂದ ಚಂದ್ರಣ್ಣ, ನನ್ನ ಪರವಾಗಿ.

"ಉಡಿಗಾಲವಾ? ನಮ್ ನಾದಿನಿ ಗುರುಮಲ್ಲಮ್ಮನ್ನ ಕೊಟ್ಟಿರೋದು ಅಲ್ಲೇ!" ಅವಳು ಆಗಲೇ ಫೋನ್ ಕಿವಿಗಿಟ್ಟಿದ್ದಳು. "ಗುರುಮಲ್ಲೀ, ನಿಮ್ಮೂರ್ದೊಂದು ಹುಡ್ಗಿ, ಚಾಮ್ರಾಜ್ನಗರ್ದಲ್ಲಿ ಒಡ್ವೆ ಅಂಗ್ಡೀಲಿ ತೊಳೀತಾಳಲ್ಲ, ಸಣ್ಣಕಿದ್ದಾಳೆ... ಊ, ಅವ್ಳೇ, ಅಜ್ಜಿ ನೋಡ್ಕಂಡಿದ್ದೋಳು. ನಮ್ ಸೊಸೆ ಮೂಗ್ಬಟ್ಟಿನ ಕಲ್ಲ ಬದ್ಲಾಯಿಸ್ಬುಟ್ಟವ್ಳೆ ಕಣೆ!"

ನಮ್ಮೂರಿನ ಪುಟ್ಟಬಸಮ್ಮನ ಕಥೆ ನನಗೆ ಗೊತ್ತು. ಇಪ್ಪತ್ತು ವರ್ಷದ ಹಿಂದೆ ಒಂದು ಮದುವೆ ಮನೆಯಲ್ಲಿ ಕಾಲುಚೈನು ಕಾಣೆಯಾಗಿ ಅವಳ ಮೇಲೆ ಮಾತು ಬಂತು. ಎರಡು ದಿನದ ಮೇಲೆ ಅದು ಚಾಪೆಯ ಸುರುಳಿಯಲ್ಲಿ ಸಿಕ್ಕಿತು. ಸಿಕ್ಕಿದ್ದು ಯಾರಿಗೂ ನೆನಪಿಲ್ಲ. ಇವತ್ತಿಗೂ ಅವಳು ಯಾರ ಮನೆಗೆ ಹೋದರೂ ಆ ಮನೆಯವರು ಮಾತಾಡುತ್ತಲೇ ಬೀರುವಿನ ಬಾಗಿಲು ಒತ್ತಿ ಮುಚ್ಚುತ್ತಾರೆ. ಒಂದು ರಾತ್ರಿ ಊರಲ್ಲಿ ಉಳಿದ ಮಾತು ಆಮೇಲೆ ಅಲ್ಲಿಂದ ಕದಲುವುದಿಲ್ಲ. ನನಗೆ ಇದ್ದದ್ದು ಆ ಸಂಜೆಯವರೆಗಿನ ಸಮಯ ಮಾತ್ರ.

"ನಾನು ಬದಲಾಯಿಸಿಲ್ಲ," ಎಂದೆ. ಸ್ವರ ನನಗೇ ಕೇಳಿಸಲಿಲ್ಲ.

"ಹಂಗಾರೆ ಕರ್ಪೂರ ಆರ್ಸು," ಎಂದಳು ಲಕ್ಷ್ಮಿದೇವಿ. "ಮಾದಪ್ಪನ ಮುಂದೆ ಕೈಯಿಟ್ಟು ಆರ್ಸು. ನಂಬ್ತೀನಿ."

ಗಲ್ಲಾದ ಮೇಲೆ ಮಹದೇಶ್ವರನ ಪಟವಿದೆ. ಉರಿಯುವ ಕರ್ಪೂರದ ಮುಂದೆ ನಿಂತು, ನಾನು ಮಾಡಿಲ್ಲ ಎಂದು ಹೇಳಿ, ಅಂಗೈ ಬಡಿದು ಅದನ್ನು ಆರಿಸಬೇಕು. ಸುಳ್ಳಾಡಿ ಆರಿಸಿದವರ ವಂಶ ಉದ್ಧಾರವಾಗುವುದಿಲ್ಲ ಎಂಬುದು ನಮ್ಮ ಸೀಮೆಯ ನಂಬಿಕೆ. ಕೋರ್ಟಿನಲ್ಲಿ ಸುಳ್ಳು ಹೇಳುವವರೂ ಇಲ್ಲಿ ಹೇಳುವುದಿಲ್ಲ.

ಪುಟ್ಟಮಲ್ಲಪ್ಪನವರ ಹೆಗಲು ಸಡಿಲವಾದದ್ದನ್ನು ನಾನು ನೋಡಿದೆ. ಅವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ನಾನು ಆರಿಸುತ್ತೇನೆ, ಅವಳು ನಂಬುತ್ತಾಳೆ, ಅವರು ಉದಾರತೆಯಿಂದ ಬೇರೆ ಕಲ್ಲು ಕೊಡುತ್ತಾರೆ. ಡ್ರಾಯರು ತೆರೆಯಬೇಕಾಗಿಯೇ ಇಲ್ಲ.

"ಆರ್ಸ್‌ಬುಡಮ್ಮಿ ರಂಜಿನಿ," ಎಂದರು ಮೃದುವಾಗಿ. "ಮುಗ್ದೋಗ್ಲಿ." ಅವರೇ ತಟ್ಟೆಯಲ್ಲಿ ಕರ್ಪೂರವಿಟ್ಟು ಹಚ್ಚಿದರು.

ನಾನು ಪಟದ ಮುಂದೆ ನಿಂತೆ. "ಈ ಕಲ್ಲನ್ನ ನಾನು ಬದಲಾಯಿಸಿಲ್ಲ," ಎಂದು ಅಂಗೈ ಬಡಿದೆ. ಚುರ್ ಎಂದಿತು. ಕೈ ತೆಗೆಯದೆ ಒಂದು ಕ್ಷಣ ಹಾಗೇ ಒತ್ತಿ ಹಿಡಿದೆ, ಯಾರೂ ಅನುಮಾನಪಡಬಾರದು ಎಂದು.

"ಸಾಕು ಬುಡು," ಎಂದಳು ಲಕ್ಷ್ಮಿದೇವಿ.

"ಸಾಲದು," ಎಂದೆ.

ನನ್ನ ಬಾಯಿಂದ ಅದು ಎಷ್ಟು ಜೋರಾಗಿ ಬಂತೆಂದರೆ ಶಶಿಕುಮಾರ ಬಾಗಿಲು ಬಿಟ್ಟು ಒಳಗೆ ಬಂದ. ನಾನು ಡಬ್ಬಿಯಿಂದ ಇನ್ನೊಂದು ಕರ್ಪೂರ ತೆಗೆದು ತಟ್ಟೆಯಲ್ಲಿಟ್ಟು ಕಡ್ಡಿ ಗೀರಿದೆ. ಅಂಗೈಯಲ್ಲಿ ಬೊಬ್ಬೆ ಏಳುತ್ತಿತ್ತು. ಎರಡು ಕಡ್ಡಿ ಹಾಳಾದವು. ಮೂರನೆಯದು ಹತ್ತಿತು.

"ಈ ಕಲ್ಲಿಗೆ ಪೆನ್ನು ಯಾಕೆ ಕೆಂಪು ಹೊಡೀತದೆ ಅಂತ ತಮಗೆ ಗೊತ್ತಿಲ್ಲ ಅಂತ ಇವರಿಬ್ಬರೂ ಆರಿಸಲಿ. ಮೊದಲು ಚಂದ್ರಣ್ಣ. ಆಮೇಲೆ ಸಾವ್ಕಾರ್ರು."

ಚಂದ್ರಣ್ಣ ಪೆನ್ನನ್ನು ಜೇಬಿಗೆ ಹಾಕಿಕೊಂಡ.

"ಏನಮ್ಮಿ ಇದು, ತಲೆಗಿಲೆ ಕೆಟ್ಟದಾ?" ಪುಟ್ಟಮಲ್ಲಪ್ಪನವರ ಧ್ವನಿಯ ಮೃದುತನ ಹೋಗಿತ್ತು. "ಅನ್ನ ಹಾಕ್ದೋರ್ನ ಆಣೆಗೆ ಎಳೀತಿಯಾ?"

"ಗೊತ್ತಿಲ್ದಿದ್ರೆ ಆರ್ಸಕೇನ್ ಕಷ್ಟ?" ಎಂದಳು ಲಕ್ಷ್ಮಿದೇವಿ. ಅವಳ ಕಣ್ಣು ಈಗ ನನ್ನ ಮೇಲಿರಲಿಲ್ಲ. "ಆರ್ಸಪ್ಪ ಚಂದ್ರ. ಒಂದ್ ಹುಡ್ಗಿ ಆರ್ಸುದ್ಲು, ನೀ ಗಂಡ್ಸು."

ಚಂದ್ರಣ್ಣ ತಟ್ಟೆಯ ಹತ್ತಿರ ಬಂದ. ಕೈ ಎತ್ತಿದ. ಪಟ ನೋಡಿದ. ಕೈ ಇಳಿಸಿ ಪ್ಯಾಂಟಿಗೆ ಒರೆಸಿಕೊಂಡ. ಮತ್ತೆ ಎತ್ತಿದ. ಕರ್ಪೂರ ಉರಿದು ಉರಿದು ಸಣ್ಣದಾಗುತ್ತಿತ್ತು. ತಾನಾಗಿಯೇ ಆರಿಹೋಗಲಿ ಎಂದು ಅವನು ಕಾಯುತ್ತಿದ್ದಾನೆ ಎನಿಸಿತು. ನಾನು ಇನ್ನೊಂದು ತುಂಡು ತೆಗೆದು ಅದರ ಮೇಲಿಟ್ಟೆ.

"ನನ್ ಕೈಲಾಗಲ್ಲ ಸಾವ್ಕಾರ್ರೆ," ಎಂದ ಚಂದ್ರಣ್ಣ. "ಮಕ್ಳು ಮರಿ ಇರೋನು. ನಾಡಿದ್ದು ಅಮಾಸೆಗೆ ಬೆಟ್ಟುಕ್ ಓಗ್ಬೇಕು. ನನ್ ಕೈಲಾಗಲ್ಲ."

ಅವನು ಎಲ್ಲವನ್ನೂ ಹೇಳಿದ. ನೀಲಿ ಕಲ್ಲುಗಳ ಟ್ರೇ ಹೊರಗೆ ತಂದು, ಉಳಿದಿದ್ದ ಒಂಬತ್ತಕ್ಕೂ ಪೆನ್ನು ತಾಗಿಸಿ ತೋರಿಸಿದ. ಒಂಬತ್ತೂ ಕೆಂಪು, ಒಂಬತ್ತೂ ಕಿರುಚು. ಡ್ರಾಯರಿನ ಕವರು ಹೊರಬಂತು. ಲಕ್ಷ್ಮಿದೇವಿಯದು ಬದಲಾಗಿರಲಿಲ್ಲ, ಸರ್ಟಿಫಿಕೇಟಿನ ನಂಬರನ್ನು ಕಲ್ಲಿನ ಅಂಚಿನಲ್ಲೇ ಕೆತ್ತಿದ್ದರು. ಶಶಿಕುಮಾರ ದೊಡ್ಡ ಭೂತಗನ್ನಡಿಯಲ್ಲಿ ಅದನ್ನು ಓದಿದ.

"ಅವ್ವ, ಡೈಮಂಡೇ ಕಣವ್ವ ಇದು. ಮಿಷಿನ್ನಲ್ಲಿ ಬೆಳ್ಸವ್ರೆ ಅಷ್ಟೆ. ಇರ್ಲಿ ಬುಡು."

"ನೀ ಸುಮ್ಕಿರ್ಲಾ! ನೀಲಿ ಕಂಡು ಬಾಯ್ ಬುಟ್ಕಂಡ್ ನಿಂತಿದ್ದೋನು ನೀನೇ ಅಲ್ವಾ? ನಾಟಿ ಕೋಳಿ ಅಂದ್ಬುಟ್ಟು ಫಾರಂ ಕೋಳಿ ಕೊಟ್ಟವ್ರೆ ಕಣ್ಲಾ ಇವ್ರು! ಎರಡೂ ಕೋಳಿಯೇ, ಆದ್ರೆ ಬೀಗ್ರಿಗೆ ಬಡ್ಸುವಾಗ ಗೊತ್ತಾಗಬ್ಯಾಡ್ವಾ? ಸಾವ್ಕಾರ್ರೆ, ಒಂದ್ ಮಾತು ಹೇಳಿದ್ರೆ ನಿಮ್ ಹಲ್ಲು ಉದುರ್ತಿತ್ತಾ?"

"ಕೇಳಿದ್ರೆ ಹೇಳ್ತಿದ್ದೆ."

"ಎಮ್ಮೆ ಮಾರೋನು ಎಮ್ಮೆ ಒದೀತದೆ ಅಂತ ಕೇಳುದ್ರೆ ಮಾತ್ರ ಹೇಳ್ತಾನಾ?"

ಇನ್ನಿಬ್ಬರು ಗಿರಾಕಿಗಳು ಏನೂ ಕೊಳ್ಳದೆ ಹೊರಟುಹೋದರು. ಲಕ್ಷ್ಮಿದೇವಿ ಬಿಳಿ ಕಲ್ಲು, ನೆಲದಿಂದ ಬಂದದ್ದು, ಕಾಗದದ ಸಮೇತ ಬೇಕೆಂದು ಹಟ ಹಿಡಿದಳು. ಪುಟ್ಟಮಲ್ಲಪ್ಪನವರು ಆಗಲಿ ಎಂದರು. ಅವಳು ಟ್ರೇಯ ಮೇಲೆ ಬಾಗಿ ಆರಿಸತೊಡಗಿದಳು. ಆರಿಸುತ್ತಾ ಆರಿಸುತ್ತಾ ಅವಳ ಕಣ್ಣು ಎರಡು ಸಲ ಆ ನೀಲಿಯ ಕಡೆಗೆ ಜಾರಿದ್ದನ್ನು ನೋಡಿದೆ. ಇಷ್ಟೆಲ್ಲ ಆದ ಮೇಲೂ. ನನಗೆ ಆ ಕಲ್ಲನ್ನು ನಲ್ಲಿಯ ಕೆಳಗಿನ ಮೋರಿಗೆ ಹಾಕಿಬಿಡಬೇಕೆನಿಸಿತು.

ನನ್ನನ್ನು ಎಲ್ಲರೂ ಮರೆತಿದ್ದರು. ಪುಟ್ಟಮಲ್ಲಪ್ಪನವರು ಮಾತ್ರ ಮರೆತಿರಲಿಲ್ಲ. ಹತ್ತಿರ ಬಂದು, ಗಿರಾಕಿಗೆ ಕೇಳಿಸದಂತೆ ಹಲ್ಲು ಕಚ್ಚಿ ಹೇಳಿದರು. "ನಾಳೆಯಿಂದ ಬರ್ಬೇಡ. ಮೂಗಿ ಅಂತ ಮಡಿಕ್ಕಂಡಿದ್ದೆ. ನಾಗ್ರಾವು ಕಣೆ ನೀನು."

"ಬರಲ್ಲ," ಎಂದೆ.

ಪರದೆಯ ಹಿಂದಿನಿಂದ ನನ್ನ ಬ್ಯಾಗು ತಂದೆ. ಆದರೆ ಬಾಗಿಲ ಕಡೆ ಹೋಗಲಿಲ್ಲ, ಲಕ್ಷ್ಮಿದೇವಿಯ ಎದುರು ನಿಂತೆ.

"ಫೋನ್ ಮಾಡಿ," ಎಂದೆ.

"ಯಾರ್ಗಮ್ಮಿ?"

"ಗುರುಮಲ್ಲಮ್ಮನಿಗೆ. ನಾನು ಕಲ್ಲು ಬದಲಾಯಿಸಿಲ್ಲ ಅಂತ ಹೇಳಿ."

"ಹೇಳ್ತೀನಿ ಓಗು, ಮನೀಗ್ ಓದ್ಮೇಲೆ. ಈಗ ನೋಡ್ತಾ ಇಲ್ವಾ ನಾನು?"

"ಕಳ್ಳಿ ಅನ್ನೋಕೆ ಮನೆಗೆ ಹೋಗೋವರೆಗೂ ಕಾಯಲಿಲ್ಲ ನೀವು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನನ್ನ ಮೇಲೆ ಅವಳಿಗೆ ಕರುಣೆ ಹುಟ್ಟಿರಲಿಲ್ಲ. ಕರುಣೆ ನನಗೂ ಬೇಕಿರಲಿಲ್ಲ. ತನ್ನ ತಪ್ಪನ್ನು ತೋರಿಸಿಕೊಟ್ಟ ಮುಖವನ್ನು ಯಾರೂ ಪ್ರೀತಿಯಿಂದ ನೋಡುವುದಿಲ್ಲ. ಆದರೆ ಎದುರಿಗೆ ಮಗ ನಿಂತಿದ್ದ, ಗಲ್ಲಾದ ಮೇಲೆ ಮಾದಪ್ಪನ ಪಟವಿತ್ತು. ಫೋನ್ ಹಚ್ಚಿದಳು. ಸ್ಪೀಕರ್ ಹಾಕಿ ಎಂದೆ, ಹಾಕಿದಳು.

"ಗುರುಮಲ್ಲೀ, ಆ ಹುಡ್ಗೀದೇನೂ ತಪ್ಪಿಲ್ಲ ಕಣೆ. ಸಾವ್ಕಾರ್ರದೇ ಹೂಟ."

"ಹಂಗಾ?" ಎಂದಿತು ಆ ಕಡೆಯ ದನಿ. ರಾಗಿ ಬೀಸುವ ಗಿರಣಿಯ ಸದ್ದು ಹಿಂದೆ ಕೇಳುತ್ತಿತ್ತು. "ಅದೇನಾರ ಆಗ್ಲಿ, ಬೆಂಕಿ ಇಲ್ದೆ ಹೊಗೆ ಆಡ್ದಾ ಅತ್ಗೆ? ಸುಮ್ಕಿರೋ ಹುಡ್ಗೀರ್ನ ನಂಬ್ಕೂಡ್ದು."

ಲಕ್ಷ್ಮಿದೇವಿ, ತನ್ನ ಕೆಲಸ ಮುಗಿಯಿತು ಎಂಬಂತೆ, ಫೋನ್ ಇಳಿಸಲು ಹೋದಳು. ನಾನು ಅದನ್ನು ಅವಳ ಕೈಯಿಂದ ತೆಗೆದುಕೊಂಡೆ. ಅಂಗೈಯ ಬೊಬ್ಬೆಗೆ ತಾಗಿ ಜೀವ ಹೋಗುವಷ್ಟು ಉರಿಯಿತು.

"ಗುರುಮಲ್ಲಮ್ಮ, ನಾನು ಶಿವರಂಜಿನಿ. ಸುಮ್ಮನಿರೋ ಹುಡುಗಿ. ನಾನು ಕಳ್ಳಿ ಅಂತ ನೀವು ಎಷ್ಟು ಜನಕ್ಕೆ ಹೇಳಿದ್ರಿ?"

"ಅದೆಲ್ಲ ನಿಂಗ್ಯಾಕಮ್ಮಿ?" ಎಂದಳು ಗುರುಮಲ್ಲಮ್ಮ.

"ಎಷ್ಟು ಜನಕ್ಕೆ?"

"ಯಾರ್ಗೂ... ಇಲ್ಲೇ ಗಿರಣೀಲಿ ಇದ್ದೋರ್ಗೆ. ನಾಕೈದ್ ಜನ. ಮಂಗಳಗೌರಿಗೆ ಫೋನಲ್ಲಿ ಹೇಳ್ದೆ."

"ಗಿರಣಿಯಲ್ಲಿ ಇರೋರಿಗೆ ಈಗಲೇ ಹೇಳಿ, ನಾನು ಕೇಳಿಸ್ಕೋತೀನಿ. ಹೊರಟುಹೋದವರ ಮನೆಗೆ ಹೋಗಿ ಹೇಳಿ. ಮಂಗಳಗೌರಿಗೆ ಫೋನ್ ಮಾಡಿ. ಐದೂಕಾಲಿನ ಬಸ್ಸಿಗೆ ನಾನು ಹೊರಡ್ತೀನಿ. ಊರಲ್ಲಿ ಇಳಿದು ನೆಟ್ಟಗೆ ಗಿರಣಿಗೇ ಬರ್ತೀನಿ, ಆಮೇಲೆ ಒಂದೊಂದು ಮನೆಗೂ. ಹೇಳಿದ್ದೀರೋ ಇಲ್ಲವೋ, ಅವರ ಮುಖ ನೋಡಿದರೆ ನನಗೆ ಗೊತ್ತಾಗುತ್ತೆ."

ಗುರುಮಲ್ಲಮ್ಮ ಏನೋ ಬೈದಳು. ಆಮೇಲೆ ಗಿರಣಿಯ ಸದ್ದಿನ ಮೇಲೆ ಅವಳು ಗಂಟಲೆತ್ತಿ ಕೂಗುವುದು ಕೇಳಿಸಿತು. "ಏ, ಕೇಳ್ರಮ್ಮಿ ಇಲ್ಲಿ..."

ನಾನು ಫೋನ್ ಕಿವಿಗೊತ್ತಿ ಹಿಡಿದು, ಅವಳು ಮುಗಿಸುವವರೆಗೂ ಅಲ್ಲೇ ನಿಂತೆ.